ಅಂಗೈಯಗಲದ ನಿಶ್ಶಬ್ದ

ನವೆಂಬರ್ 6

ಡಾಕ್ಟರ ಮಾತು ಕೇಳಿ ಈ ಪುಸ್ತಕ ಕೊಂಡೆ. "ಸಿ ಶೆದ್ಲಿ, ಮಾತ್ರೆ ಅರ್ಧ ಕೆಲಸ ಮಾಡುತ್ತೆ. ಉಳಿದರ್ಧ ನೀವು ಆಫೀಸಿನಲ್ಲಿ ಕೂಗಾಡದೇ ಇರೋದು. ಸಿಟ್ಟು ಬಂದರೆ ಎಲ್ಲಾದರೂ ಬರೆದುಬಿಡಿ," ಎಂದರು. ಇವತ್ತು ಬಂದಿದೆ. ಬರೆಯುತ್ತಿದ್ದೇನೆ.

ಲಮೀನ್ ನನ್ನ ಆಸಿಲೇಟರನ್ನು ಪಕ್ಕಕ್ಕೆ ಸರಿಸಿದ. ಇವನಪ್ಪ ಸ್ಫಾಕ್ಸ್ ಬಂದರಿನ ಹಿಂದೆ ಈ ಕಂಪನಿ ಶುರು ಮಾಡಿದಾಗ ಮೊದಲ ಬೆಸುಗೆ ಹಾಕಿದವನು ನಾನು. ಈಗ ಮಗ ಯಜಮಾನ, ನನ್ನನ್ನು ಕರೆಯುವುದು ಮಾತ್ರ ಈಗಲೂ ಗೌರವದ 'ಸಿ' ಹಚ್ಚಿಯೇ. ನನ್ನ ಹಿತ್ತಾಳೆ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಎತ್ತಿ ತೂಗಿ ನೋಡಿ, "ಇದು ಚಿನ್ನದಂಥ ಕೆಲಸ, ಸಿ ಶೆದ್ಲಿ. ಆದರೆ ಕಂಬದ ತುದಿಗೆ ಕಲ್ಲಂಗಡಿ ಕಟ್ಟೋಕಾಗಲ್ಲವಲ್ಲ," ಎಂದ.

ಕೆರ್ಕೆನ್ನಾ ದ್ವೀಪದ ಮೀನುಗಾರರ ಸಂಘಕ್ಕೆ ನಾವು ಮಾಡಿಕೊಡಬೇಕಾದದ್ದು ಪುಟ್ಟ ರಾಡಾರು. ದಂಡೆಯುದ್ದಕ್ಕೂ ಕಂಬ ನೆಟ್ಟು, ಒಂದೊಂದರ ತುದಿಗೂ ಒಂದೊಂದು ಡಬ್ಬಿ. ಹೋದ ಚಳಿಗಾಲದಲ್ಲಿ ಒಂದು ಮರದ ಫೆಲೂಕಾ ದೋಣಿ ಮೂರು ಜನರ ಸಮೇತ ಕಾಣೆಯಾಯಿತು. ದಂಡೆಯ ಹಳೆಯ ರಾಡಾರಿಗೆ ಹೂಳೆತ್ತುವ ಕಬ್ಬಿಣದ ಹಡಗು ಚೆನ್ನಾಗಿ ಕಂಡಿತ್ತು. ಅದರ ಮಗ್ಗುಲಲ್ಲೇ ತೇಲಿಹೋದ ದೋಣಿ ಕಾಣಲಿಲ್ಲ.

ಯಾಕೆ ಕಾಣಲಿಲ್ಲ ಎಂಬುದು ನನ್ನ ಕಸುಬು. ರಾಡಾರು ಒಂದೇ ಸ್ವರ ಕೂಗಿ ಅದರ ಮಾರ್ದನಿ ಆಲಿಸುತ್ತದೆ. ಆ ಸ್ವರ ಹುಟ್ಟಿಸುವುದು ಆಸಿಲೇಟರು. ಸ್ವರ ನಡುಗಿದರೆ ಹಡಗಿನ ದೊಡ್ಡ ಮಾರ್ದನಿಯೂ ನಡುಗುತ್ತದೆ. ರಾಡಾರಿನ ತೆರೆಯ ಮೇಲೆ ಅದು ನೆಟ್ಟನೆಯ ಶಿಖರವಾಗಿ ನಿಲ್ಲದೆ ಎರಡೂ ಕಡೆ ತಪ್ಪಲಾಗಿ ಹರಡಿಕೊಳ್ಳುತ್ತದೆ. ದೋಣಿಯ ಪುಟ್ಟ ಗೆರೆ ಆ ತಪ್ಪಲಿನೊಳಗೆ ಹೂತುಹೋಗುತ್ತದೆ. ತಪ್ಪಲು ತಗ್ಗಬೇಕು, ಅಷ್ಟೇ. ಮೂವತ್ತು ವರ್ಷದಿಂದ ನಾನು ಅದನ್ನೇ ತಗ್ಗಿಸುತ್ತಿದ್ದೇನೆ. ದಪ್ಪ ಹಿತ್ತಾಳೆಯ ಪೆಟ್ಟಿಗೆ, ಒಳಗೆ ಪಿಂಗಾಣಿ ಬಿಲ್ಲೆ, ನನ್ನ ಕೈಯಾರೆ ಕಡೆದದ್ದು.

ಈಗ ಲಮೀನ್ ಆ ಕೆಲಸವನ್ನು ಆ ಹುಡುಗಿಗೆ ಕೊಟ್ಟಿದ್ದಾನೆ. ಓಲ್ಫಾ. ಬಂದು ವರ್ಷವಾಗಿಲ್ಲ. ಪೆಟ್ಟಿಗೆಯೇ ಬೇಡವಂತೆ. ಎಲ್ಲವನ್ನೂ ಸರ್ಕ್ಯೂಟ್ ಬೋರ್ಡಿನ ಮೇಲೇ ಅಚ್ಚು ಹಾಕುತ್ತಾಳಂತೆ, ಅಂಗೈಯಗಲದಲ್ಲಿ. ನಾನು ಅವಳಿಗೆ "ಸಹಾಯ" ಮಾಡಬೇಕಂತೆ.

ಕೂಗಾಡಲಿಲ್ಲ. ಬಾಗಿಲು ಸ್ವಲ್ಪ ಜೋರಾಗಿ ಹಾಕಿದೆ.

ನವೆಂಬರ್ 9

ಹುಡುಗಿ ತನ್ನ ನಕ್ಷೆ ತೋರಿಸಿದಳು. ಬೋರ್ಡಿನೊಳಗೇ ನಾಲ್ಕು ಕುಹರಗಳು. ಗೋಡೆಯ ಬದಲು ತಾಮ್ರ ತುಂಬಿದ ಸಣ್ಣ ತೂತುಗಳ ಸಾಲು. ಅಲೆಗೆ ಆ ತೂತುಗಳ ನಡುವಿನ ಸಂದು ಕಾಣುವುದಿಲ್ಲ, ಗೋಡೆಯೆಂದೇ ತಿಳಿಯುತ್ತದೆ. ಒಂದು ಕೋಣೆಯಿಂದ ಇನ್ನೊಂದಕ್ಕೆ ಕಿಂಡಿ. ಕೆಲವೇ ಸ್ವರಗಳ ಒಂದು ಪಟ್ಟಿ ಮಾತ್ರ ಅವನ್ನು ದಾಟಬಲ್ಲದು. ಇಷ್ಟನ್ನು ಬೇರೆಯವರು ಮಾಡಿದ್ದನ್ನೂ ಕಂಡಿದ್ದೇನೆ. ಚಪ್ಪಟೆ ಬೋರ್ಡಿನ ಕುಹರದಲ್ಲಿ ಅಲೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ನಿಲ್ಲದ ಅಲೆ ಬಡಕಲು ಉಯ್ಯಾಲೆಯ ಹಾಗೆ, ಯಾರು ಸೋಕಿದರೂ ಲಯ ತಪ್ಪುತ್ತದೆ.

ಹಾಗೆಂದೆ.

"ಅದಕ್ಕೇ ನಾಲ್ಕು ಕೋಣೆ, ಸಿ ಶೆದ್ಲಿ. ಒಂದರಲ್ಲಿ ನಿಲ್ಲಲ್ಲ. ನಾಲ್ಕರಲ್ಲಿ ಸುತ್ತಾಡಿಸಿದರೆ ತಡವಾಗುತ್ತೆ."

"ಸರಿ, ಎಷ್ಟು ತಡ? ನಟ್ಟನಡುವಿನ ಸ್ವರ ಈ ಬಾಗಿಲಲ್ಲಿ ಬಂದು ಆ ಬಾಗಿಲಲ್ಲಿ ಹೋಗಿಬಿಡುತ್ತೆ."

"ನಡುವಲ್ಲಿ ಕೂರಿಸಲ್ಲ. ಅಂಚಲ್ಲಿ ಕೂರಿಸ್ತೀನಿ."

ನನಗೆ ನಗು ಬಂತು. ಅಂಚಿನ ಸ್ವರಗಳು ಕಷ್ಟಪಟ್ಟು ದಾಟುತ್ತವೆ, ದಾರಿಯಲ್ಲಿ ಅರ್ಧ ಶಕ್ತಿ ಸೋರಿಹೋಗುತ್ತದೆ. ನಷ್ಟ ಕಡಿಮೆಯಿರುವ ಕಡೆ ಕೂರು ಎಂದು ನಾವು ಮೊದಲ ದಿನವೇ ಕಲಿತಿದ್ದು. "ಮಗಳೇ, ಅಂಚಲ್ಲಿ ನಷ್ಟ ಎಷ್ಟು ಗೊತ್ತೇನು?" ಎಂದೆ.

"ಗೊತ್ತು. ನಷ್ಟಾನ ಟ್ರಾನ್ಸಿಸ್ಟರು ತುಂಬಿಕೊಡುತ್ತೆ. ತಡಾನ ಯಾರು ತುಂಬಿಕೊಡ್ತಾರೆ?"

ಟೀ ಕುಡಿಯುವ ನೆಪದಲ್ಲಿ ಎದ್ದು ಬಂದೆ. ಮಾತಿನಲ್ಲಿ ಚುರುಕಿದ್ದಾಳೆ. ಮಾತಿನಿಂದ ಆಸಿಲೇಟರು ಹಾಡುವುದಿಲ್ಲ.

ನವೆಂಬರ್ 18

ಭಾನುವಾರ. ಹೆಂಡತಿ ನಬೀಹಾಳ ತಮ್ಮ ಮಬ್ರೂಕ್ ಬೆಳಗಿನ ದೋಣಿಯಲ್ಲಿ ದ್ವೀಪದಿಂದ ಬಂದ. ಒಣಗಿಸಿದ ಆಕ್ಟೋಪಸ್ ತಂದಿದ್ದ. ಅಡುಗೆಮನೆಯೆಲ್ಲ ಸಮುದ್ರ.

"ಭಾವ, ನಿನ್ನ ರಾಡಾರು ಯಾವಾಗ ಬರುತ್ತೆ? ನನ್ನ ದೋಣಿ ಮುಳುಗೋಕೆ ಮುಂಚೆಯೋ, ಆಮೇಲೋ?"

"ನನ್ನದಲ್ಲ. ಒಂದು ಹುಡುಗಿ ಮಾಡ್ತಿದ್ದಾಳೆ."

"ಒಳ್ಳೇದಾಯ್ತು. ಸ್ಫಾಕ್ಸಿನ ಗಂಡಸರು ಮಾಡಿದರೆ ಸಮುದ್ರಕ್ಕೂ ಬಾಡಿಗೆ ಹಾಕ್ತೀರಿ," ಎಂದು ನಕ್ಕ. ನಬೀಹಾಳೂ ನಕ್ಕಳು. ತವರಿನವರು ಬಂದರೆ ಅವಳು ಆ ಪಕ್ಷ.

ಊಟವಾದ ಮೇಲೆ ಅಂಗಳದ ಬಾದಾಮಿ ಗಿಡದ ಕೆಳಗೆ ಕೂತಿದ್ದಾಗ ಮಬ್ರೂಕ್ ದನಿ ತಗ್ಗಿಸಿದ. ಹೋದ ದೋಣಿಯಲ್ಲಿದ್ದವನೊಬ್ಬ ಅವನ ಚಿಕ್ಕಪ್ಪನ ಮಗ. "ಅವನವ್ವ ಇನ್ನೂ ದಿನಾ ಸಂಜೆ ಬಂದರಿಗೆ ಬರ್ತಾಳೆ, ಭಾವ. ನಾವು ಯಾರೂ ಮಾತಾಡಿಸಲ್ಲ. ಏನಂತ ಮಾತಾಡಿಸೋದು?"

ನಾನು ಅವನ ಲೋಟಕ್ಕೆ ಇನ್ನಷ್ಟು ಟೀ ಬಗ್ಗಿಸಿದೆ.

ಡಿಸೆಂಬರ್ 4

ಮೊದಲ ಬೋರ್ಡು ಬಂತು. ಹಾಡಲಿಲ್ಲ.

ವಿದ್ಯುತ್ ಕೊಟ್ಟಳು, ಹೆಚ್ಚಿಸಿದಳು, ತಗ್ಗಿಸಿದಳು. ತೆರೆಯ ಮೇಲೆ ಹುಲ್ಲುಹಾಸಿನಂಥ ಸಪಾಟು ಗದ್ದಲ, ನಡುವೆ ಒಂದು ಕಡ್ಡಿಯೂ ಎದ್ದು ನಿಲ್ಲಲಿಲ್ಲ. ಲಮೀನ್ ಬಂದು ನೋಡಿ ಮೂಗುಜ್ಜಿಕೊಂಡು ಹೋದ. ನನಗೆ ಹೊಟ್ಟೆಯಲ್ಲಿ ಹಾಲು ಹೊಯ್ದಂತಾಯಿತು. ಬರೆಯಲು ನಾಚಿಕೆಯಿಲ್ಲ, ಇದನ್ನು ಓದುವವನು ನಾನೊಬ್ಬನೇ.

ಅಳುತ್ತಾಳೆ ಎಂದುಕೊಂಡಿದ್ದೆ. ಕಿತ್ತಳೆ ಸುಲಿದು ಅರ್ಧ ನನಗೆ ಕೊಟ್ಟಳು. ಬೋರ್ಡಿನ ಕಡೆ ತಿರುಗಿ, "ನೀನು ಸರಿಯಾಗೇ ಇದ್ದೀಯ ಕಣೇ. ತಪ್ಪು ನಂದು. ಎಲ್ಲಿ ಅಂತ ಹೇಳಿಬಿಡು," ಎಂದಳು.

ಡಿಸೆಂಬರ್ 5

ಹುಚ್ಚು ಹುಡುಗಿ. ತಪ್ಪು ಸಿಕ್ಕಿತು. ಸ್ವರ ಒಂದು ಸುತ್ತು ಮುಗಿಸಿ ಟ್ರಾನ್ಸಿಸ್ಟರಿಗೆ ಮರಳುವಾಗ ಹೆಜ್ಜೆ ಕೂಡಬೇಕು. ಲೆಕ್ಕ ಹಾಕುವಾಗ ಬೆಸುಗೆಯ ತುದಿಗಳ ಉದ್ದವನ್ನು ಬಿಟ್ಟಿದ್ದಳು. ಅಕ್ಕಿಕಾಳಿನಷ್ಟು ಉದ್ದ. ನಮ್ಮ ಅಲೆಗಳಿಗೆ ಅಷ್ಟೇ ಸಾಕು, ಹೆಜ್ಜೆ ತಪ್ಪುತ್ತದೆ.

ಸಿಕ್ಕಿದ್ದು ದೊಡ್ಡದಲ್ಲ. ಆಮೇಲೆ ಮಾಡಿದ್ದು ನೋಡಿ. ಎಲ್ಲರೂ ಓಡಾಡುವ ಕಡೆ ಗೋಡೆಯ ಬಿಳಿ ಹಲಗೆಯ ಮೇಲೆ ದಪ್ಪಕ್ಷರದಲ್ಲಿ ಬರೆದಳು: "ಓಲ್ಫಾ ಬೆಸುಗೆಯ ತುದಿ ಮರೆತಳು. ನೀವು ಮರೆಯಬೇಡಿ." ಲಮೀನ್ ಅದನ್ನು ಅಳಿಸಲು ಹೋದ, ಗಿರಾಕಿಗಳು ನೋಡುತ್ತಾರೆಂದು. ಅವಳು ಬಿಡಲಿಲ್ಲ. "ನೋಡಲಿ. ಮುಂದಿನ ಸಲ ಅವರ ಎಂಜಿನಿಯರೂ ಮರೆಯಲ್ಲ."

ನಮ್ಮ ಕಾಲದಲ್ಲಿ ಸುಟ್ಟ ಟ್ರಾನ್ಸಿಸ್ಟರನ್ನು ಜೇಬಿನಲ್ಲಿ ಹಾಕಿಕೊಂಡು ಮನೆಗೆ ಹೋಗುತ್ತಿದ್ದೆವು.

ಡಿಸೆಂಬರ್ 19

ಎರಡನೇ ಬೋರ್ಡು ಹಾಡಿತು.

ಅಳೆಯುವ ಕೆಲಸ ನಾನೇ ತೆಗೆದುಕೊಂಡೆ. ಬೇರೆಯವರು ಅಳೆದರೆ ನಂಬಿಕೆಯಿಲ್ಲ. ತಂತಿ ಬದಲಿಸಿ ಅಳೆದೆ. ಉಪಕರಣವನ್ನು ಮತ್ತೆ ಬಿಸಿಯಾಗಲು ಬಿಟ್ಟು ಅಳೆದೆ. ಎಲ್ಲೋ ತಪ್ಪಿರಬೇಕು ಎಂದು ಇನ್ನೊಂದು ಸಲ. ತಪ್ಪಿರಲಿಲ್ಲ. ಶಿಖರ ಸೂಜಿಯಂತೆ ನಿಂತಿತ್ತು. ತಪ್ಪಲು ನನ್ನ ಹಿತ್ತಾಳೆ ಪೆಟ್ಟಿಗೆಯದಕ್ಕಿಂತ ಒಂದೆಳೆ ಮೇಲೆ, ಅಷ್ಟೇ. ಒಂದೆಳೆ! ಜೇಬಿನಲ್ಲಿ ಹಿಡಿಯುವ ಬೋರ್ಡಿನಲ್ಲಿ!

ಅವಳು ಸ್ವರವನ್ನು ನಿಧಾನವಾಗಿ ನಡುವಿನಿಂದ ಅಂಚಿನ ಕಡೆ ಸರಿಸಿ ತೋರಿಸಿದಳು. ಸರಿಸಿದಂತೆ ತಪ್ಪಲು ಇಳಿಯುತ್ತ ಹೋಯಿತು, ಭರತ ಇಳಿದಾಗ ಮೀನು ಹಿಡಿಯುವ ಶರ್ಫಿಯಾದ ಬೇಲಿಗೋಲುಗಳು ಒಂದೊಂದಾಗಿ ಕಾಣುವಂತೆ. ಒಂದು ಜಾಗ ಬಂತು. ಅಲ್ಲಿಂದ ಆಚೆ ಸರಿದರೆ ಹಾಡು ನಿಲ್ಲುತ್ತದೆ, ಈಚೆ ಸರಿದರೆ ನಡುಗುತ್ತದೆ. ಅಲ್ಲಿ ನಿಲ್ಲಿಸಿದಳು. ನಾನು ಎಷ್ಟು ವರ್ಷದಿಂದ ಈ ಗೆರೆಗಳನ್ನು ನೋಡುತ್ತಿದ್ದೇನೆ. ಹೀಗೊಂದು ಜಾಗವಿದೆ ಎಂದು ಗೊತ್ತಿತ್ತು, ಅಲ್ಲಿ ಹೋಗಿ ಕೂರಬಹುದೆಂದು ತೋರಿರಲಿಲ್ಲ. ಅಪಾಯದ ಅಂಚಲ್ಲೇ ಅಲೆ ಅತಿ ಹೆಚ್ಚು ಹೊತ್ತು ತಂಗುತ್ತದೆ. ಎಂಥ ಯೋಚನೆ!

"ಪರವಾಗಿಲ್ಲ," ಎಂದೆ.

"ಸಿ ಶೆದ್ಲಿ 'ಪರವಾಗಿಲ್ಲ' ಅಂದ್ರು! ಎಲ್ಲರೂ ಕೇಳಿಸಿಕೊಂಡ್ರಾ?" ಎಂದು ಕೂಗಿದಳು. ಗಂಟಲು ದೊಡ್ಡದು.

ಡಿಸೆಂಬರ್ 22

ನಬೀಹಾ ಬುತ್ತಿಯಲ್ಲಿ ಮೀನಿನ ಮರ್ಕಾ ಸಾರು ಹೆಚ್ಚಿಗೆ ಹಾಕಿಕೊಟ್ಟಳು. ನಾನು ಹೇಳಿದ್ದೆ. ಓಲ್ಫಾ ಮಧ್ಯಾಹ್ನ ಬರೀ ಬ್ರೆಡ್ಡು ತಿನ್ನುತ್ತಾಳೆ, ಅದೂ ತೆರೆ ನೋಡುತ್ತ. ಹಾಗೆ ತಿಂದರೆ ಲೆಕ್ಕ ತಪ್ಪುತ್ತದೆ, ಬೇರೇನಿಲ್ಲ.

ಜನವರಿ 8

ಮುಳ್ಳು.

ರಜೆ ಮುಗಿಸಿ ಬಂದು ನೋಡಿದರೆ ನುಣುಪಾಗಿದ್ದ ತಪ್ಪಲಿನ ಮೇಲೆ ಮುಳ್ಳುಗಳು. ಶಿಖರದ ಎರಡೂ ಕಡೆ ಒಂದೇ ಅಂತರದಲ್ಲಿ ಏಳುತ್ತವೆ, ಸ್ವಲ್ಪ ಹೊತ್ತಿರುತ್ತವೆ, ಮಾಯ. ಪ್ರತಿ ಮುಳ್ಳೂ ರಾಡಾರಿಗೆ ಒಂದು ಸುಳ್ಳು ದೋಣಿ. ಇಲ್ಲದ ದೋಣಿ ಹುಡುಕಲು ನಾಲ್ಕು ಸಲ ಓಡಿದವರು ಐದನೇ ಸಲ ಇದ್ದ ದೋಣಿಗೂ ಓಡುವುದಿಲ್ಲ.

ವಿದ್ಯುತ್ತಿನ ಕೊಳೆ ಎಂದುಕೊಂಡು ಬ್ಯಾಟರಿಗೆ ಜೋಡಿಸಿದೆವು. ಹೋಗಲಿಲ್ಲ. ದೀಪ ಆರಿಸಿದೆವು, ಫ್ಯಾನು ನಿಲ್ಲಿಸಿದೆವು, ಎಲ್ಲರ ಫೋನು ಹೊರಗಿಟ್ಟೆವು. ಹೋಗಲಿಲ್ಲ. ದ್ವೀಪದ ಪರೀಕ್ಷೆಗೆ ಉಳಿದಿರುವುದು ಒಂದು ತಿಂಗಳು ಚಿಲ್ಲರೆ. ಓಲ್ಫಾ ಇವತ್ತು ಕಿತ್ತಳೆ ಸುಲಿಯಲಿಲ್ಲ.

ಜನವರಿ 11

ಲಮೀನ್ ನನ್ನೊಬ್ಬನನ್ನೇ ಕೋಣೆಗೆ ಕರೆದ. ಬಾಗಿಲು ಹಾಕಿದ. ಬರೀ ಮುಖಸ್ತುತಿ. ನಿಮ್ಮಂಥ ಹಿರಿಯರು, ನಿಮ್ಮ ಕೈಗುಣ, ಹಾಗೆ ಹೀಗೆ.

"ಸಿ ಶೆದ್ಲಿ, ನಿಮ್ಮ ಹಿತ್ತಾಳೆ ಪೆಟ್ಟಿಗೇನೇ ಹಾಕಿಬಿಡೋಣ. ಕಂಬ ದಪ್ಪ ಮಾಡಿಸ್ತೀನಿ. ಹತ್ತು ಕಡೆ ಬದಲು ಮೂರು ಕಡೆ ಹಾಕ್ತೀವಿ ಅಂತ ಸಂಘದವರಿಗೆ ಹೇಳ್ತೀನಿ. ಓಲ್ಫಾಗೆ ನಾನು ಸಮಾಧಾನ ಮಾಡ್ತೀನಿ."

"ಮೂರು ಕಡೆ ಹಾಕಿದರೆ ಉಳಿದ ಏಳು ಕಡೆ ಮೀನುಗಾರರು ಈಜಿಕೊಂಡು ಬರ್ತಾರಾ?" ಎಂದೆ. "ನಂದು ಬೇಡ. ಅವಳಿಗೆ ಇನ್ನೊಂದು ವಾರ ಕೊಡು."

"ನೀವೇ ಬೇಡ ಅಂತೀರಾ?"

"ಬೋರ್ಡಿನಲ್ಲಿ ತಪ್ಪಿಲ್ಲ ಕಣಯ್ಯ. ಹಾಡು ಶುದ್ಧ ಇದೆ. ಯಾರೋ ಉಯ್ಯಾಲೆ ಅಲುಗಾಡಿಸ್ತಿದ್ದಾರೆ, ಅವರನ್ನ ಹಿಡೀಬೇಕು ಅಷ್ಟೇ."

ಇದೆಲ್ಲ ಆಗುವಷ್ಟರಲ್ಲಿ ನನ್ನ ಟೀ ತಣ್ಣಗಾಗಿತ್ತು. ಈ ಆಫೀಸಿನಲ್ಲಿ ಬಿಸಿ ಟೀ ಸಿಗುವುದು ಯಾವಾಗಲೋ.

ಜನವರಿ 15

ಹಿಡಿದೆವು! ಅರ್ಧ ಅವಳು, ಅರ್ಧ ನಾನು.

ಬೆಳಿಗ್ಗೆ ಓಲ್ಫಾ ಕಿಟಕಿಯ ಬಳಿ ನಿಂತಿದ್ದವಳು ಥಟ್ಟನೆ ಕೈಯೆತ್ತಿ ಎಲ್ಲರನ್ನೂ ಸುಮ್ಮನಾಗಿಸಿದಳು. ಹೊರಗೆ ಬಂದರಿಗೆ ಹೋಗುವ ಫಾಸ್ಫೇಟ್ ರೈಲು. ಅದರ ದಡದಡ ಹತ್ತಿರವಾದಂತೆ ತೆರೆಯ ಮೇಲೆ ಮುಳ್ಳು ಎದ್ದವು. ಗಾಡಿ ದಾಟಿತು, ಮುಳ್ಳು ಮಲಗಿದವು. ರಜೆಯ ಮುಂಚೆ ಹಳಿ ರಿಪೇರಿ ನಡೆದು ರೈಲು ಬರುತ್ತಿರಲಿಲ್ಲ, ಅದಕ್ಕೇ ಆಗ ನುಣುಪು!

"ನೆಲ ಅಲುಗಾಡಿದರೆ ಹೀಗಾದರೆ, ಗಾಳಿಗೆ ಕಂಬ ಅಲುಗಾಡಿದರೆ?" ಎಂದಳು. "ಚಂಡಮಾರುತ ಬಂದ ದಿನಾನೇ ನಮ್ಮ ರಾಡಾರು ಕುರುಡು."

ಅದು ನಿಜ. ಆದರೆ ಯಾವ ಭಾಗ ನಡುಗುತ್ತಿದೆ? ಅವಳು ಟ್ರಾನ್ಸಿಸ್ಟರು, ತಂತಿ, ಕುಹರ ಎಂದು ಹುಡುಕುತ್ತಿದ್ದಳು. ನನಗೆ ಆ ತೆಳು ತಗಡಿನ ಮುಚ್ಚಳದ ಮೇಲೆ ಮೊದಲಿನಿಂದಲೂ ಸಿಟ್ಟು. ಪೆನ್ಸಿಲಿನ ಹಿಂಭಾಗದಿಂದ ಅದನ್ನು ಮೆಲ್ಲಗೆ ತಟ್ಟಿದೆ. ತೆರೆಯ ಮೇಲೆ ಮುಳ್ಳಿನ ತೋಟವೇ ಎದ್ದಿತು.

"ಮುಚ್ಚಳ ದರ್ಬೂಕಾ ಬಾರಿಸ್ತಿದೆ, ಮಗಳೇ. ಕೆಳಗೆ ನಿನ್ನ ಬೋರ್ಡೂ ತೆಳು, ತಾಳಕ್ಕೆ ಬಳುಕ್ತಿದೆ. ಮನೆ ಗಟ್ಟಿಯಿಲ್ಲದೆ ಹಾಡುಗಾರ ಏನು ಮಾಡಿಯಾನು?"

ಅವಳು ನನ್ನ ಭುಜ ಹಿಡಿದು ಕುಣಿದೇಬಿಟ್ಟಳು. ಲಮೀನ್ ಗಾಜಿನಾಚೆಯಿಂದ ನೋಡುತ್ತಿದ್ದ.

ಮುಚ್ಚಳಕ್ಕೆ ಏಣುಗಳಿರಬೇಕು, ಬೋರ್ಡಿನ ಕೆಳಗೆ ದಪ್ಪ ಲೋಹದ ತಳ ಬೇಕು. ಹೊಸ ಹಿತ್ತಾಳೆ ತರಿಸಿದರೆ ಹದಿನೈದು ದಿನ. ನನ್ನ ಪೆಟ್ಟಿಗೆಯ ತಳ ಸರಿಯಾದ ದಪ್ಪದ್ದಿತ್ತು. ಮಧ್ಯಾಹ್ನ ಅದನ್ನು ಗರಗಸಕ್ಕೆ ಕೊಟ್ಟು ಕತ್ತರಿಸಿದೆ. ಓಲ್ಫಾ ಬಾಗಿಲಲ್ಲಿ ನಿಂತು, "ಅಯ್ಯೋ ಸಿ ಶೆದ್ಲಿ, ಅದನ್ನ ಬೇಡ, ಅದನ್ನ ಬೇಡ," ಅನ್ನುತ್ತಲೇ ಇದ್ದಳು. ಗರಗಸದ ಸದ್ದಿನಲ್ಲಿ ನನಗೆ ಸರಿಯಾಗಿ ಕೇಳಿಸಲಿಲ್ಲ.

ಜನವರಿ 17

ರೈಲು ಬಂತು, ರೈಲು ಹೋಯಿತು. ಮುಳ್ಳಿಲ್ಲ.

ತಪ್ಪಲು ಮಿತಿಯ ಕೆಂಪು ಗೆರೆಯ ಕೆಳಗೆ. ಬೋರ್ಡು, ತಳ, ಮುಚ್ಚಳ ಎಲ್ಲ ಸೇರಿ ಒಂದು ಕೈಯಲ್ಲಿ ಹಿಡಿಯಬಹುದು. ಅವಳು ಮುಂದಿನದಕ್ಕೆ ಆರು ಕೋಣೆ ಹಾಕಿದರೆ ಹೇಗೆ ಎನ್ನುತ್ತಿದ್ದಾಳೆ. ನಷ್ಟ ಜಾಸ್ತಿಯಾಗುತ್ತೆ ಎಂದೆ. "ತಡ?" ಎಂದು ಹುಬ್ಬೇರಿಸಿದಳು. ಮನೆಗೆ ಬಂದು ಲೆಕ್ಕ ಹಾಕಿದೆ. ಐದು ಕೋಣೆಗೆ ನಿಲ್ಲಿಸಬೇಕು ಅನಿಸುತ್ತದೆ. ನಾಳೆ ಅವಳನ್ನು ಕೇಳಬೇಕು.

ಜನವರಿ 29

ಡಾಕ್ಟರ ಹತ್ತಿರ ಹೋಗಿದ್ದೆ. ರಕ್ತದೊತ್ತಡ ಇಳಿದಿದೆಯಂತೆ. ಮಾತ್ರೆ ಒಳ್ಳೆಯದು.

ಫೆಬ್ರವರಿ 14

ನಿನ್ನೆಯದನ್ನು ಇವತ್ತು ಬರೆಯುತ್ತಿದ್ದೇನೆ. ನಿನ್ನೆ ಬರೆಯುವ ಸ್ಥಿತಿಯಲ್ಲಿರಲಿಲ್ಲ.

ಬೆಳಗಿನ ದೋಣಿಯಲ್ಲಿ ಹೊರಟೆವು. ನಾನು, ನಬೀಹಾ, ಓಲ್ಫಾ, ಲಮೀನ್. ಓಲ್ಫಾ ಡಬ್ಬಿಯನ್ನು ಮಗುವಿನಂತೆ ಮಡಿಲಲ್ಲಿಟ್ಟುಕೊಂಡಿದ್ದಳು. ಪಡುವಣ ಗಾಳಿ ಜೋರಾಗುತ್ತಿತ್ತು. "ಒಳ್ಳೇದೇ," ಎಂದಳು, "ಕಂಬ ಅಲುಗಾಡಲಿ, ನೋಡೋಣ."

ಸಿದಿ ಯೂಸೆಫ್ ಬಂದರಿನಲ್ಲಿ ಸಂಘದವರು ಕಂಬ ನೆಟ್ಟು ಕಾದಿದ್ದರು. ತೆರೆಯನ್ನು ಮೀನು ಇಡುವ ಕೋಣೆಯ ಪಡಸಾಲೆಯಲ್ಲಿ ಜೋಡಿಸಿದೆವು. ಕಾಲುವೆಯ ಬಾಯಲ್ಲಿ ಹೂಳೆತ್ತುವ ಹಡಗು ನಿಂತಿತ್ತು, ಅದೇ ಕಬ್ಬಿಣದ ಗುಡ್ಡ. ಮಬ್ರೂಕ್ ತನ್ನ ಫೆಲೂಕಾ ತೆಗೆದುಕೊಂಡು ಅದರ ಮಗ್ಗುಲಲ್ಲಿ ನಿಧಾನವಾಗಿ ಸುಳಿದಾಡಬೇಕು, ನಮಗೆ ಕಾಣಬೇಕು. ಹತ್ತಿಪ್ಪತ್ತು ಜನ ಮೀನುಗಾರರು ನಮ್ಮ ಬೆನ್ನ ಹಿಂದೆ. ಹೆಂಗಸೊಬ್ಬಳು ದೂರದಲ್ಲಿ ಕಲ್ಲುಕಟ್ಟೆಯ ಮೇಲೆ ಕೂತಿದ್ದಳು. ಯಾರೆಂದು ನಾನು ಕೇಳಲಿಲ್ಲ.

ಓಲ್ಫಾ ಗುಂಡಿ ಒತ್ತಿದಳು. ಹಡಗಿನ ಶಿಖರ ಎದ್ದಿತು, ತೆರೆಯ ನೆತ್ತಿಯವರೆಗೆ. ಅದರ ಬುಡ ತೆಳ್ಳಗೆ, ಶುಭ್ರ. ಪಕ್ಕದಲ್ಲಿ ಕಿರುಬೆರಳಿನಂಥ ಒಂದು ಗೆರೆ.

"ಅದೇ ಮಬ್ರೂಕ್," ಎಂದಳು ಮೆಲ್ಲಗೆ.

ಫೋನಿನಲ್ಲಿ ಹೇಳಿದೆ, "ಏನೋ, ಬಲಕ್ಕೆ ತಿರುಗು." ಗೆರೆ ಆ ಕಡೆ ಹೊರಳಿತು. "ಎಡಕ್ಕೆ." ಗೆರೆ ಈ ಕಡೆ.

"ಭಾವ, ನನ್ನನ್ನೇನು ಕತ್ತೆ ಅಂದ್ಕೊಂಡಿದ್ದೀಯಾ?"

ಹಿಂದೆ ನಿಂತವರೆಲ್ಲ ಗೊಳ್ಳೆಂದು ನಕ್ಕರು. ಲಮೀನ್ ಸಂಘದವರ ಕೈ ಕುಲುಕಲು ಶುರುಮಾಡಿದ. ಅಷ್ಟಕ್ಕೇ ಮುಗಿದಿದ್ದರೂ ನಿನ್ನೆ ಒಳ್ಳೆಯ ದಿನವೇ.

ಆಗ ಓಲ್ಫಾ ಮುಂದಕ್ಕೆ ಬಾಗಿದಳು. ಹಡಗಿನ ಶಿಖರದ ಇನ್ನೊಂದು ಕಡೆ, ಬುಡಕ್ಕೆ ಅಂಟಿಕೊಂಡಂತೆ, ಮತ್ತೊಂದು ಗೆರೆ. ಬಹಳ ಸಣ್ಣದು.

"ಥೂ, ಮತ್ತೆ ಮುಳ್ಳು!" ಎಂದು ಲಮೀನ್ ನಮ್ಮಿಬ್ಬರಿಗೆ ಮಾತ್ರ ಕೇಳುವಂತೆ ಪಿಸುಗುಟ್ಟಿದ. "ಆರಿಸಿಬಿಡಿ, ಆರಿಸಿ. ಅವರು ನೋಡೋಕೆ ಮುಂಚೆ."

ಗಾಳಿಗೆ ಕಂಬ ಕಿರುಗುಟ್ಟುತ್ತಿತ್ತು. ಓಲ್ಫಾ ಆರಿಸಲಿಲ್ಲ.

"ಮುಳ್ಳಾದರೆ ಜೋಡಿಯಾಗಿ ಬರುತ್ತೆ, ಶಿಖರದ ಎರಡೂ ಕಡೆ. ಇದಕ್ಕೆ ಜೋಡಿ ಇಲ್ಲ." ನನ್ನ ಕಡೆ ತಿರುಗಿದಳು. "ಇದು ಏನೋ ನಿಜವಾದದ್ದು, ಸಿ ಶೆದ್ಲಿ. ದಡದಿಂದ ದೂರ ಹೋಗ್ತಿದೆ. ಬಹಳ ನಿಧಾನ. ಮನುಷ್ಯ ನಡೆಯೋದಕ್ಕಿಂತ ನಿಧಾನ. ಎಂಜಿನ್ ಇರೋ ದೋಣಿ ಇಷ್ಟು ನಿಧಾನ ಹೋಗಲ್ಲ."

ಲಮೀನ್ ನನ್ನ ಮುಖ ನೋಡಿದ. ಹಿರಿಯರು ಏನಾದರೂ ಹೇಳಲಿ ಎಂದು.

"ಅವಳು ಇದೆ ಅಂದರೆ ಇದೆ," ಎಂದೆ.

ಫೋನೆತ್ತಿ ಮಬ್ರೂಕನಿಗೆ ಹಡಗಿನ ಆಚೆ ಬದಿಗೆ ಹೋಗಲು ಹೇಳಿದೆ. ಅಲ್ಲಿ ಅಲೆ ದೊಡ್ಡದು, ಹಡಗಿನ ಮರೆಯಲ್ಲಿ ಏನೂ ಇಲ್ಲ, ಪೆಟ್ರೋಲು ನಿಮ್ಮಪ್ಪ ಕೊಡ್ತಾನಾ ಎಂದೆಲ್ಲ ಗೊಣಗಿದ. ಹೋದ. ಅವನ ಗೆರೆ ಹಡಗಿನ ಶಿಖರವನ್ನು ದಾಟಿ, ಆ ಪುಟ್ಟ ಗೆರೆಯ ಕಡೆ ಸರಿಯತೊಡಗಿತು. ಓಲ್ಫಾಳ ಬೆರಳು ತೆರೆಯ ಮೇಲೆ ಅದರ ಜೊತೆಗೇ ಸರಿಯುತ್ತಿತ್ತು. ಫೋನಿನಲ್ಲಿ ಬರೀ ಗಾಳಿ. ನಬೀಹಾ ನನ್ನ ತೋಳು ಹಿಡಿದಿದ್ದಳು, ಉಗುರು ನೆಟ್ಟ ಗುರುತು ಇವತ್ತೂ ಇದೆ.

ಕೊನೆಗೆ ಮಬ್ರೂಕನ ದನಿ ಬಂತು. ತಮಾಷೆ ಇರಲಿಲ್ಲ. "ಭಾವ... ನಮ್ಮೂರ ಅಜ್ಜ, ಅಮ್ಮಿ ಸಾಸಿ ಇದ್ದಾರೆ ಇಲ್ಲಿ. ಒಬ್ಬರೇ. ಎಂಜಿನ್ ಸತ್ತಿದೆ. ಹುಟ್ಟು ಮುರಿದಿದೆ. ದೋಣಿಯೊಳಗೆ ನೀರು ಮೊಣಕಾಲುದ್ದ." "ಎಳ್ಕೊಂಡು ಬರ್ತೀನಿ," ಎಂದಷ್ಟೇ ಹೇಳಿ ಇಟ್ಟ.

ನಮ್ಮ ಹಿಂದಿದ್ದವರು ಒಬ್ಬೊಬ್ಬರಾಗಿ ಕಟ್ಟೆಯ ಕಡೆ ನಡೆದರು, ಆಮೇಲೆ ಓಡಿದರು. ಕಲ್ಲುಕಟ್ಟೆಯ ಮೇಲಿದ್ದ ಹೆಂಗಸೂ ಎದ್ದು ಅವರ ಜೊತೆ ಹೋದಳು. ಹಗ್ಗ ಹಿಡಿದು ಎಳೆಯುವವರಲ್ಲಿ ಎಲ್ಲರಿಗಿಂತ ಮುಂದೆ ಅವಳೇ ಇದ್ದಳು ಎಂದು ಆಮೇಲೆ ನಬೀಹಾ ಹೇಳಿದಳು. ನನಗೆ ಕಾಣಲಿಲ್ಲ. ನಾನು ತೆರೆಯನ್ನೇ ನೋಡುತ್ತಿದ್ದೆ. ಎರಡು ಗೆರೆಗಳು ಒಂದರ ಹಿಂದೊಂದು ದಡದ ಕಡೆ ಬರುತ್ತಿದ್ದವು. ಓಲ್ಫಾ ಸದ್ದಿಲ್ಲದೆ ಅಳುತ್ತಿದ್ದಳು. ನನ್ನ ಕರವಸ್ತ್ರ ಕೊಟ್ಟೆ. ನನಗೇ ಬೇಕಾಗಿತ್ತು, ಆದರೂ ಕೊಟ್ಟೆ.

ಅಮ್ಮಿ ಸಾಸಿ ದಡ ಹತ್ತಿದವರೇ ಬೈಯಲು ಶುರುಮಾಡಿದರು. ಎಪ್ಪತ್ತು ದಾಟಿದ ಕಟ್ಟುಮಸ್ತು ಮುದುಕ, ಮೈಯೆಲ್ಲ ನೆನೆದು ತೊಪ್ಪೆ, ತಲೆಯ ಮೇಲೆ ಕೆಂಪು ಶೆಷಿಯಾ ಟೋಪಿ ಮಾತ್ರ ನೆಟ್ಟಗೆ.

"ಯಾರಪ್ಪ ಹೇಳಿದ್ದು ನಾನು ಕಳೆದುಹೋಗಿದ್ದೀನಿ ಅಂತ? ಐವತ್ತು ವರ್ಷದಿಂದ ಈ ನೀರಿನಲ್ಲಿದ್ದೀನಿ. ಹೇಗೋ ಬರ್ತಿದ್ದೆ."

"ಹೌದು ಅಮ್ಮಿ, ಲಿಬಿಯಾ ಸುತ್ತಿಕೊಂಡು ಬರ್ತಿದ್ರಿ," ಎಂದ ಮಬ್ರೂಕ್. ಅವನ ಕಣ್ಣು ಕೆಂಪಗಿತ್ತು.

ನಬೀಹಾ ಅವರಿಗೆ ಕಂಬಳಿ ಹೊದಿಸಿ ಬಿಸಿ ಕುಸ್‌ಕುಸ್ ಕೊಟ್ಟಳು. ನಾಲ್ಕು ತುತ್ತು ಒಳಗೆ ಹೋದ ಮೇಲೆ ಸಿಟ್ಟು ಇಳಿಯಿತು. "ಕೂಗಿ ಕೂಗಿ ಗಂಟಲು ಹೋಯ್ತು," ಎಂದರು ಯಾರಿಗೂ ಅಲ್ಲದಂತೆ. "ಹಡಗಿನವರಿಗೇ ಕೇಳಿಸಲಿಲ್ಲ. ಅವರ ಯಂತ್ರದ ಗದ್ದಲ. ಇಷ್ಟು ದೂರದಲ್ಲಿ ನಿಮಗೆ ಹೇಗೆ ಗೊತ್ತಾಯ್ತು?"

ಎಲ್ಲರೂ ನನ್ನ ಕಡೆ ನೋಡಿದರು. ನಾನು ಓಲ್ಫಾಳನ್ನು ಮುಂದಕ್ಕೆ ತಳ್ಳಿದೆ. "ಇವರನ್ನ ಕೇಳಿ. ಇವರು ಮಾಡಿದ್ದು. ಓಲ್ಫಾ ಎಂಜಿನಿಯರು."

ಅವಳು ಕಂಬದ ಡಬ್ಬಿ ಇಳಿಸಿ, ಮುಚ್ಚಳ ತೆಗೆದು, ಬೋರ್ಡನ್ನು ಅವರ ಅಂಗೈಯಲ್ಲಿಟ್ಟಳು. ಮುದುಕ ಅದನ್ನು ಸಣ್ಣ ಮೀನಿನಂತೆ ತಿರುಗಿಸಿ ನೋಡಿದರು. ತೂತುಗಳ ಸಾಲಿನ ಮೇಲೆ ಹೆಬ್ಬೆರಳಾಡಿಸಿದರು.

"ಇಷ್ಟೇನಾ? ಏನು ಮಾಡುತ್ತೆ ಇದು?"

"ಹಾಡುತ್ತೆ, ಬಾಬಾ. ಒಂದೇ ಸ್ವರ."

ಅವರು ಅದನ್ನು ಕಿವಿಗೆ ಹಿಡಿದುಕೊಂಡರು. ಕಣ್ಣು ಮುಚ್ಚಿ ಬಹಳ ಹೊತ್ತು ಆಲಿಸಿದರು. ಗಾಳಿ, ಅಲೆ, ಜನ, ಎಲ್ಲರೂ ಅವರ ಜೊತೆ ಆಲಿಸುತ್ತಿರುವಂತಿತ್ತು. ಆಮೇಲೆ ಮೋಸ ಹೋದವರಂತೆ ಕಣ್ಣು ಬಿಟ್ಟು,

"ಏನೂ ಕೇಳಿಸ್ತಿಲ್ಲವಲ್ಲ!" ಎಂದರು.

"ಅದು ಅಷ್ಟು ಸುಮ್ಮನಿದ್ದಿದ್ದಕ್ಕೇ," ಎಂದಳು ಓಲ್ಫಾ, "ನೀವು ನಮಗೆ ಕೇಳಿಸಿದ್ದು."

ಅಮ್ಮಿ ಸಾಸಿ ಅವಳನ್ನೇ ನೋಡಿದರು. ನಿಧಾನವಾಗಿ ತಲೆಯ ಶೆಷಿಯಾ ತೆಗೆದು, ಎದೆಗೆ ಹಿಡಿದುಕೊಂಡರು.